ಚಾಕಣದ ಕಂಪನಿಗೆ ಮತ್ತೆ ಕರೆಯುತ್ತಿದ್ದಾರೆ, ತಮ್ಮನನ್ನು ಕಳಿಸಬಹುದೇ?

ನಿಮ್ಮ ತಮ್ಮ ಐಟಿಐ ಮುಗಿಸಿ ಪುಣೆ ಹತ್ತಿರದ ಚಾಕಣದಲ್ಲಿ, ಗಾಡಿ ಬಿಡಿಭಾಗದ ಕಂಪನಿಯಲ್ಲಿ ಮೂರು ವರ್ಷ ದುಡಿದಿದ್ದಾನೆ. ಆರ್ಡರ್ ಇಲ್ಲ ಅಂತ ಮನೆಗೆ ಕಳಿಸಿದ ಕಾಂಟ್ರ್ಯಾಕ್ಟರೇ ಈಗ ಫೋನ್ ಮಾಡಿ, ಗಾಡಿಗೆ ಬೇಡಿಕೆ ಬಂದಿದೆ, ನಾಳೇನೇ ಬಾ ಅನ್ನುತ್ತಿದ್ದಾನೆ. ಕಳಿಸಬಹುದೇ, ಈ ಬೇಡಿಕೆ ನಿಲ್ಲುತ್ತದೆಯೇ ಅಂತ ಕೇಳಿದ್ದೀರಿ.

ಕಳಿಸಿ. ಆದರೆ ಹೊಸ ಹುಡುಗನ ಸಂಬಳಕ್ಕೆ ಕಳಿಸಬೇಡಿ.

ನೀವು ಇಂಡಿ ಕಡೆಯವರು, ನಾನೂ ಅದೇ ವಿಜಯಪುರ ಜಿಲ್ಲೆಯವನು. ಪುಣೆ ಪಕ್ಕದ ಭೋಸರಿಯ ಸಣ್ಣ ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿದವನು. ಈಗ ಚಾಕಣದಲ್ಲಿ ಬ್ರೇಕಿನ ಭಾಗ ತಯಾರಿಸುವ ಲೈನಿನ ಸೂಪರ್‌ವೈಸರ್. ಹುಡುಗರನ್ನು ಮನೆಗೆ ಕಳಿಸುವುದನ್ನೂ ನೋಡಿದ್ದೇನೆ, ಮತ್ತೆ ಕರೆಯುವುದನ್ನೂ ನೋಡಿದ್ದೇನೆ.

ಬೇಡಿಕೆ ಬಂದಿದೆ ಅನ್ನುವುದು ಸುಳ್ಳಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಮತ್ತು 350 ಸಿಸಿವರೆಗಿನ ಬೈಕಿನ ಮೇಲಿನ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿಯಿತು. ಲಾರಿ, ಬಸ್ಸು, ಆಟೋರಿಕ್ಷಾಕ್ಕೂ ಹಾಗೇ. ಬೆಲೆ ಇಳಿಯಲಿ ಅಂತ ಕಾದಿದ್ದವರೆಲ್ಲ ಹಬ್ಬಕ್ಕೆ ಶೋರೂಮಿಗೆ ಬಂದರು. ಕಾರು ಕಂಪನಿ ತಿಂಗಳಿಗೆ ಇಷ್ಟು ಬೇಕು ಅಂತ ಶೆಡ್ಯೂಲ್ ಕೊಡುತ್ತದೆ. ಅದು ಏರಿದ ಕೂಡಲೇ ನಮ್ಮಂಥ ಸಪ್ಲೈಯರ್‌ಗಳಿಗೆ ಜನ ಬೇಕು. ಇಳಿದಾಗ ಮೊದಲು ಕೈಬಿಡುವುದೂ ಅದೇ ಜನರನ್ನು.

ಎಷ್ಟು ದಿನ ನಿಲ್ಲುತ್ತದೆ ಅಂದರೆ, ವರ್ಷದೊಳಗಿನ ಏರಿಳಿತವನ್ನು ನಾನು ಹೇಳಬಲ್ಲೆ. ಗಣೇಶ ಚೌತಿ, ದಸರಾ, ದೀಪಾವಳಿಗೆ ಗಾಡಿ ತುಂಬಿಡಬೇಕು, ಹಾಗಾಗಿ ಜೂನ್, ಜುಲೈನಿಂದಲೇ ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ ಶುರು. ಡಿಸೆಂಬರಿನಲ್ಲಿ ಹಳೇ ವರ್ಷದ ಗಾಡಿ ಯಾಕೆ ಅಂತ ಜನ ಹಿಂದೆ ಸರಿಯುತ್ತಾರೆ, ಲೈನ್ ತಣ್ಣಗಾಗುತ್ತದೆ. ಮಾರ್ಚಿನಲ್ಲಿ ಮತ್ತೆ ಓಟ. ಹಬ್ಬದ ಮುಂದೆ ಕರೆದರೆ ಹಬ್ಬದ ನಂತರವೂ ಕೆಲಸ ಇದೆಯಾ ಅಂತ ಕೇಳಲೇಬೇಕು.

ದೊಡ್ಡ ಏಟುಗಳ ಲೆಕ್ಕ ಬೇರೆ. 2019ರಲ್ಲಿ ಮಾರಾಟ ಕುಸಿದು ವಾರದಲ್ಲಿ ಕೆಲವು ದಿನ ಪ್ಲಾಂಟೇ ಬಂದ್ ಇಡುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್, ಮಾರುತಿಯಂಥ ಕಂಪನಿಯೇ ದೇಶದೊಳಗೆ ಒಂದು ಕಾರೂ ಮಾರಲಿಲ್ಲ. ಆ ವರ್ಷ ದಸರಾ ಹೊತ್ತಿಗೆ ಬಸ್ಸು ರೈಲು ಹತ್ತಲು ಹೆದರಿದ ಜನ ಸ್ವಂತ ಗಾಡಿ ಕೊಳ್ಳಲು ಬಂದರು. ಆದರೆ ನಮ್ಮ ಹುಡುಗರು ಆಗ ಊರಿಗೆ ಹೋಗಿ ವಿಜಯಪುರ, ಕಲಬುರಗಿ, ಬೀದರಿನಲ್ಲಿದ್ದರು. 2021ರಲ್ಲಿ ಕೊಳ್ಳುವವರು ಇದ್ದರು, ಆದರೆ ಚಿಪ್ ಇಲ್ಲದೆ ಕಾರು ಹೊರಬೀಳಲಿಲ್ಲ. ಶೋರೂಮಿನಲ್ಲಿ ಜನ ಸಾಲು ನಿಂತಿದ್ದರೂ ಲೈನ್ ನಿಲ್ಲಬಹುದು ಅನ್ನುವುದನ್ನು ಆ ವರ್ಷ ಕಣ್ಣಾರೆ ಕಂಡೆವು.

ಈಗ ಹೊಸಬನ ಸಂಬಳ ಬೇಡ ಅಂದದ್ದು ಯಾಕೆ ಅಂತ ಹೇಳುತ್ತೇನೆ. ಇದನ್ನು ನಿಮ್ಮ ತಮ್ಮನಿಗೆ ಓದಿ ಹೇಳಿ.

ನಮ್ಮಲ್ಲಿ ಎರಕದ ಭಾಗಕ್ಕೆ ಡ್ರಿಲ್ ಹೊಡೆದಾಗ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಉಳಿಯುತ್ತದೆ. ಅದಕ್ಕೆ ಬರ್ ಅನ್ನುತ್ತೇವೆ. ಅದು ಉಳಿದರೆ ಸೀಲ್ ಹರಿಯುತ್ತದೆ, ಬ್ರೇಕ್ ಆಯಿಲ್ ಸೋರುತ್ತದೆ. ಹೊಸ ಹುಡುಗ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಾನೆ, ಆದರೂ ತಪ್ಪುತ್ತದೆ. ಮೂರು ವರ್ಷ ಮಾಡಿದವನು ಗ್ಲೌಸ್ ಹಾಕಿದ ಹೆಬ್ಬೆರಳನ್ನು ಅಂಚಿನ ಮೇಲೆ ಒಮ್ಮೆ ಆಡಿಸಿದರೆ ಸಾಕು, ಬರ್ ಇದ್ದ ಪೀಸನ್ನು ರಿಜೆಕ್ಟಿನ ಕೆಂಪು ಕ್ರೇಟಿಗೆ ಇಡುತ್ತಾನೆ. ಟೂಲ್ ಮೊಂಡಾದದ್ದು ಮಷಿನ್ನಿನ ಸದ್ದಿನಿಂದಲೇ ಅವನಿಗೆ ತಿಳಿಯುತ್ತದೆ. ಶೆಡ್ಯೂಲ್ ಏರಿದಾಗ ಲೈನ್ ತುಂಬ ಹೊಸಬರೇ ಇದ್ದರೆ ರಿಜೆಕ್ಷನ್ ರಾಶಿ ಬೀಳುತ್ತದೆ, ಕಾರು ಕಂಪನಿಯಿಂದ ದೂರು ಬರುತ್ತದೆ. ಅದಕ್ಕೇ ಹಳಬರನ್ನು ಹುಡುಕಿ ಹುಡುಕಿ ಫೋನ್ ಮಾಡುವುದು. ಹಾಗೆ ಕರೆದು, ಗೇಟಿಗೆ ಬಂದ ಮೇಲೆ ಟ್ರೇನಿ ಅಂತ ಬರೆದುಕೊಳ್ಳುವುದು ಅನ್ಯಾಯ. ಕೆಲಸ ಕಲಿತ ಕೈಗೆ ಕಲಿಯುವವನ ಕೂಲಿ ಯಾಕೆ? ನನ್ನ ಲೈನಿಗೆ ಬಂದ ಹಳಬರ ವಿಷಯದಲ್ಲಿ ಎಚ್‌ಆರ್ ಜೊತೆ ಇದಕ್ಕಾಗಿಯೇ ಜಗಳ ಆಡಿದ್ದೇನೆ. ಕೆಲವರಿಗೆ ಆಪರೇಟರ್ ದರ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಸಿಕ್ಕವರೆಲ್ಲ ಸೇರುವ ಮೊದಲೇ ಕೇಳಿದವರು. ಒಮ್ಮೆ ಪಂಚ್ ಮಾಡಿ ಒಳಗೆ ಬಂದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಫೋನಿನಲ್ಲೇ ಕೇಳಬೇಕಾದದ್ದು ಇಷ್ಟು. ಹೆಸರು ಕಂಪನಿ ರೋಲಿನಲ್ಲಾ (ಸಂಬಳದ ಪಟ್ಟಿ), ಕಾಂಟ್ರ್ಯಾಕ್ಟರ್ ರೋಲಿನಲ್ಲಾ? ಹೆಲ್ಪರಾ, ಆಪರೇಟರಾ? ಎಷ್ಟು ತಿಂಗಳಿಗೆ? 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ನೇಮಕ ಪತ್ರ ಎಲ್ಲರಿಗೂ ಕೊಡಲೇಬೇಕು. ಅವಧಿ ಗೊತ್ತುಮಾಡಿ ನೇಮಿಸಿಕೊಂಡವರಿಗೆ ಒಂದು ವರ್ಷ ತುಂಬಿದರೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಸೇವೆಯ ಇಡುಗಂಟು ಇದೆ, ಐದು ವರ್ಷ ಕಾಯಬೇಕಿಲ್ಲ. ಓಟಿಗೆ ಎರಡರಷ್ಟು ಕೂಲಿ ಅನ್ನುವುದು ಹಳೇ ಫ್ಯಾಕ್ಟರಿ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಕೆಲಸ ಕಡಿಮೆಯಾಯಿತು ಅಂತ ಜನರನ್ನು ತೆಗೆದುಹಾಕಿದ ಮಾಲೀಕರು ಒಂದು ವರ್ಷದೊಳಗೆ ಮತ್ತೆ ಜನ ತೆಗೆದುಕೊಳ್ಳುವುದಾದರೆ, ಹಾಗೆ ಕೆಲಸ ಕಳೆದುಕೊಂಡವರಿಗೇ ಮೊದಲ ಅವಕಾಶ ಕೊಡಬೇಕು. ಕಾನೂನೇ ಹಾಗಿದೆ. ಆದರೆ ಒಪ್ಪಂದದ ಅವಧಿ ಮುಗಿದು ಹೋದವರಿಗೆ ಇದು ಅನ್ವಯಿಸುವುದಿಲ್ಲ. ಅದಕ್ಕೇ ಹೋದ ಸಲ ಯಾವ ಕಾರಣ ಬರೆದು ಕಳಿಸಿದರು ಅಂತ ಆ ಪತ್ರ ತೆಗೆದು ನೋಡಿ. 240 ದಿನ ತುಂಬುವ ಮೊದಲೇ ಬ್ರೇಕ್ ಕೊಟ್ಟು, ಹೊಸ ಕಾರ್ಡ್ ಮಾಡಿಸಿ ಮತ್ತೆ ಸೇರಿಸಿಕೊಳ್ಳುವ ಚಾಳಿಯೂ ಇದೆ. ಸತತ ಸೇವೆ ಅನ್ನಿಸಿಕೊಳ್ಳಬಾರದು ಅಂತಲೇ ಅದನ್ನು ಮಾಡುವುದು.

ಪಿಎಫ್ ಹಳೇ ಯುಎಎನ್ ನಂಬರಿಗೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಜಮಾ ಆಗಬೇಕು. ಹೊಸ ನಂಬರ್ ಮಾಡಿಸಲು ಬಿಡಬೇಡಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು, ಆ ಮೂರು ವರ್ಷವೂ ಅದರಲ್ಲಿ ಸೇರಬೇಕಲ್ವಾ? ಮನೆಯಲ್ಲಿ ತೀರಾ ಕಷ್ಟ ಇಲ್ಲದಿದ್ದರೆ ಹಳೇ ಪಿಎಫ್ ದುಡ್ಡು ತೆಗೆಯದಿರಲಿ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಈಎಸ್‌ಐ, ಅಂದರೆ ಕಾರ್ಮಿಕರ ಚಿಕಿತ್ಸೆ, ಗಾಯದ ವಿಮೆ ಕೂಡ ಇರುತ್ತದೆ. ಮಷಿನ್ ಮುಂದೆ ನಿಲ್ಲುವವನಿಗೆ ಅದು ಬೇಕೇ ಬೇಕು.

ಇರುವುದಕ್ಕೆ ಭೋಸರಿ, ನಿಗಡಿ ಕಡೆ ರೂಮ್ ಹಿಡಿಯುವ ಆಸೆ ಇರುತ್ತದೆ, ನಮ್ಮ ಜನ ಅಲ್ಲಿ ಜಾಸ್ತಿ. ಆದರೆ ಚಾಕಣದ ತಳೇಗಾವ್ ಚೌಕದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಫಸ್ಟ್ ಶಿಫ್ಟ್ ತಪ್ಪುತ್ತದೆ. ಕಂಪನಿ ಬಸ್ ಇಲ್ಲದಿದ್ದರೆ ಚಾಕಣದಲ್ಲೇ ಕಾಟ್ ಬೇಸಿಸ್ ಮೇಲೆ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಬಾಡಿಗೆ ಕೊಟ್ಟು ಇರಲಿ. ಹೆಂಡತಿ ಮಕ್ಕಳನ್ನು ಈಗಲೇ ಕರೆತರುವುದು ಬೇಡ. ನೇಮಕ ಪತ್ರ ಕೈಗೆ ಬಂದು, ಡಿಸೆಂಬರ್ ದಾಟಲಿ. ಆಮೇಲೆ ಮನೆ ನೋಡಿದರೆ ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಸರಿಹೋಗುತ್ತದೆ.