ಘಾಟಿ ಇಳಿದರೆ ಪೆಟ್ರೋಲ್ ಪುಕ್ಕಟೆಯಾ?

ಪ್ರಶ್ನೆ: ನಮ್ಮದು ಮಡಿಕೇರಿ. ತಿಂಗಳಿಗೆ ಸಾವಿರ ಕಿ.ಮೀ. ಓಡಾಟ. ಮಾಮೂಲಿ ಪೆಟ್ರೋಲ್ ಕಾರಿಗಿಂತ, ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್‌ಗೆ 3 ಲಕ್ಷ ಜಾಸ್ತಿ ಹೇಳುತ್ತಿದ್ದಾರೆ. ಘಾಟಿ ಇಳಿಯುವಾಗ ಬ್ಯಾಟರಿ ತಾನೇ ಚಾರ್ಜ್ ಆಗುತ್ತದೆ, ಎರಡು ಮೂರು ವರ್ಷದಲ್ಲಿ ದುಡ್ಡು ವಾಪಸ್ ಅಂತಾರೆ. ನಿಜವಾ?

ಉತ್ತರ: ಕಾಫಿ ದುಡ್ಡು ಕೈಗೆ ಬಂದ ಕೂಡಲೇ ಈ ಪ್ರಶ್ನೆ ಶುರುವಾಗುತ್ತದೆ. ಯಾರೂ ಲೆಕ್ಕ ಹಾಕಿ ಕೇಳುವುದಿಲ್ಲ, ಅದೇ ನನಗೆ ಸಿಟ್ಟು.

ಮೊದಲು ಆ ಪುಕ್ಕಟೆ ಚಾರ್ಜಿನ ವಿಷಯ. ನಾಲ್ಕು ಜನ ಕೂತರೆ ಕಾರಿನ ತೂಕ ಹತ್ತಿರ ಹತ್ತಿರ ಒಂದೂವರೆ ಟನ್. ಅದು 500 ಮೀಟರ್ ಎತ್ತರ ಇಳಿದರೆ ಬಿಡುವ ಶಕ್ತಿ ಸುಮಾರು 2 ಯೂನಿಟ್ ಕರೆಂಟಿಗೆ ಸಮ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವುದು ಅದಕ್ಕಿಂತ ಜಾಸ್ತಿ. ಆದರೆ ಗ್ರ್ಯಾಂಡ್ ವಿಟಾರಾ, ಹೈರೈಡರ್‌ನಂಥ (ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೇ ಓಡಬಲ್ಲ) ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿ ಒಂದು ಯೂನಿಟ್ ಕೂಡ ಹಿಡಿಯುವುದಿಲ್ಲ. ಇರುವುದೇ 0.76 ಯೂನಿಟ್. ಅದನ್ನೂ ಕಾರು ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬುವುದಿಲ್ಲ, ಎರಡು ಕಡೆಯೂ ಸ್ವಲ್ಪ ಬಿಟ್ಟೇ ಇಟ್ಟಿರುತ್ತದೆ. ಹೊಳೆ ನೀರಿಗೆ ಚೊಂಬು ಹಿಡಿದ ಹಾಗೆ.

ಹಾಗಾಗಿ ಮದೆನಾಡು ದಾಟಿ ಜೋಡುಪಾಲದ ಕಡೆ ಇಳಿಯುತ್ತಾ ಡಿಸ್‌ಪ್ಲೇ ನೋಡಿ. ಬ್ಯಾಟರಿಯ ಗೆರೆಗಳು ಒಂದೊಂದಾಗಿ ಮೇಲೇರಿ ನಿಂತುಬಿಡುತ್ತವೆ. ಆಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ಜೋರಾಗಿ ಕೂಗುತ್ತದೆ. ಅಲ್ಲೇ ಗಾಡಿ ನಿಲ್ಲಿಸಿ ನನಗೆ ಫೋನ್ ಮಾಡುವವರಿದ್ದಾರೆ, ಎಂಜಿನ್ ಹೋಯ್ತು ಅಂತ. ಏನೂ ಹೋಗಿಲ್ಲ. ಬ್ಯಾಟರಿಯಲ್ಲಿ ಜಾಗ ಇಲ್ಲ, ಅದಕ್ಕೆ ಮೋಟಾರ್ ಸುಮ್ನೆ ಎಂಜಿನ್ನನ್ನು ತಿರುಗಿಸಿ ಮಿಕ್ಕ ಶಕ್ತಿ ಕಳೆಯುತ್ತಿದೆ. ಬ್ರೇಕ್ ಕಾಯದಂತೆ ಕಾಪಾಡುತ್ತದೆ, ಒಳ್ಳೆಯದೇ. ಆದರೆ ಆ ಶಕ್ತಿ ನಿಮ್ಮ ಜೇಬಿಗೆ ಬರುವುದಿಲ್ಲ. ಇನ್ನು ಇಳಿದವರು ವಾಪಸ್ ಹತ್ತಲೇಬೇಕಲ್ವಾ? ಆ ಚಿಕ್ಕ ಬ್ಯಾಟರಿ ಏರಿನಲ್ಲಿ ಬೇಗ ಖಾಲಿ. ಮುಂದೆ ಎಳೆಯುವುದೆಲ್ಲ ಪೆಟ್ರೋಲೇ.

ಈಗ ದುಡ್ಡಿನ ಲೆಕ್ಕ. ಮೈಲೇಜ್ ಅನ್ನುವ ಅಂಕಿ ಮೋಸ ಮಾಡುತ್ತದೆ. 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ಕೇಳಿ. ನಿಮ್ಮ ಓಡಾಟದಲ್ಲಿ ಪೆಟ್ರೋಲ್ ಕಾರು ಲೀಟರಿಗೆ 14 ಕಿ.ಮೀ., ಹೈಬ್ರಿಡ್ 20 ಕೊಟ್ಟಿತು ಅಂತ ಇಟ್ಕೊಳ್ಳಿ. ಅಂದರೆ 100 ಕಿ.ಮೀ.ಗೆ 7.1 ಲೀಟರ್ ಮತ್ತು 5 ಲೀಟರ್. ಉಳಿಯುವುದು 2.1 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 2,100, ವರ್ಷಕ್ಕೆ 25 ಸಾವಿರ ಚಿಲ್ಲರೆ. 3 ಲಕ್ಷ ವಾಪಸ್ ಬರಲು 12 ವರ್ಷ ಬೇಕು! ಸಾಲದ ಬಡ್ಡಿ, ಜಾಸ್ತಿ ಇನ್ಶೂರೆನ್ಸ್ ನಾನು ಸೇರಿಸಿಯೇ ಇಲ್ಲ.

ಬ್ರೋಷರ್ ಅಂಕಿ ಹಿಡಿದರೆ ಉಳಿತಾಯ ಇನ್ನೂ ಕಡಿಮೆ. 2022ರಲ್ಲಿ ಗ್ರ್ಯಾಂಡ್ ವಿಟಾರಾ ಬಂದಾಗ (ಮೋಟಾರ್ ಬರೀ ಎಂಜಿನ್ನಿಗೆ ಕೈಜೋಡಿಸುವ) ಮ್ಯಾನ್ಯುವಲ್ ಗೇರಿನ ಮೈಲ್ಡ್ ಹೈಬ್ರಿಡ್‌ಗೆ 21.11, ಸ್ಟ್ರಾಂಗ್‌ಗೆ 27.97 ಅಂದರು. ನೋಡಲು ಭಾರಿ ವ್ಯತ್ಯಾಸ. ಲೀಟರ್ ಲೆಕ್ಕದಲ್ಲಿ 100 ಕಿ.ಮೀ.ಗೆ 1.2 ಲೀಟರ್ ಕೂಡ ಉಳಿಯುವುದಿಲ್ಲ. ಆ ಅಂಕಿ ಬರುವುದು ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ. ಅಲ್ಲಿ ಘಾಟಿಯೂ ಇಲ್ಲ, ಮಂಜೂ ಇಲ್ಲ.

ವರ್ಷಕ್ಕೆ 30 ಸಾವಿರ ಕಿ.ಮೀ. ಓಡಿಸುವವರಿಗೆ ಮೊದಲು ಹೇಳಿದ 14, 20ರ ಲೆಕ್ಕದಲ್ಲಿ ಐದು ವರ್ಷದೊಳಗೆ ದುಡ್ಡು ಬರುತ್ತದೆ. ಮೈಸೂರು, ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವವರಿಗೆ ಧಾರಾಳವಾಗಿ ತಗೊಳ್ಳಿ ಅನ್ನುತ್ತೇನೆ, ಹೈಬ್ರಿಡ್ ಗೆಲ್ಲುವುದೇ ಅಲ್ಲಿ. ಬೆಳಿಗ್ಗೆ ಚಳಿಯಲ್ಲಿ ಗಾಡಿ ತೆಗೆದು ಪೇಟೆಗೆ ಹೋಗಿ ಬರುವವರಿಗೆ ಅಷ್ಟಿಲ್ಲ. ಎಂಜಿನ್ ಬಿಸಿಯಾಗುವ ತನಕ ಹೈಬ್ರಿಡ್ ಕೂಡ ಪೆಟ್ರೋಲ್ ಕುಡಿಯುತ್ತದೆ. ನಿಮ್ಮ ಓಡಾಟಕ್ಕೆ ಆ 3 ಲಕ್ಷ ಬ್ಯಾಂಕಿನಲ್ಲೇ ಇರಲಿ.

ಪ್ರಶ್ನೆ: ನನ್ನ ಎರ್ಟಿಗಾ ಹಿಂದೆ ಹೈಬ್ರಿಡ್ ಅಂತ ಬರೆದಿದೆ, ಬ್ಯಾಟರಿಯಲ್ಲಿ ಓಡುವುದೇ ಇಲ್ಲ!

ಉತ್ತರ: ಓಡುವುದಿಲ್ಲ. ಅದು ಮೈಲ್ಡ್ ಹೈಬ್ರಿಡ್, ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೇ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಉತ್ತರ: ಇದನ್ನು ಹೇಳಿಕೊಟ್ಟವರಿಗೆ ನಾಚಿಕೆ ಆಗಬೇಕು. ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್‌ನಲ್ಲೇ ಇಳಿದರೆ ಪೆಟ್ರೋಲ್ ಕಟ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಪೆಟ್ರೋಲ್ ಬೇಕೇ ಬೇಕು. ಮೇಲಿಂದ ಬ್ರೇಕ್ ಕಾಯ್ದು ಹಿಡಿಯದೆ ಹೋಗಬಹುದು. ಮಾಕುಟ್ಟದ ತಿರುವುಗಳಲ್ಲಿ ಈ ಆಟ ಬೇಡ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿದರೆ ಮೈಲೇಜ್ ಬರುತ್ತಂತೆ?

ಉತ್ತರ: ಮಾರುವವನಿಗೆ ಬರುತ್ತದೆ.

ಪ್ರಶ್ನೆ: ತೋಟದೊಳಗಿನ ಕೆಸರು ದಾರಿಗೆ ಹೈಬ್ರಿಡ್ ಆಗುತ್ತಾ?

ಉತ್ತರ: ಜೀಪು ಮಾರಬೇಡಿ. ಗ್ರ್ಯಾಂಡ್ ವಿಟಾರಾದಲ್ಲಿ ನಾಲ್ಕೂ ಚಕ್ರ ಎಳೆಯುವ ಮಾದರಿ ಬಂದದ್ದು ಮೈಲ್ಡ್‌ನಲ್ಲಿ, ಸ್ಟ್ರಾಂಗ್‌ನಲ್ಲಲ್ಲ. ಈಗಾಗಲೇ ಹೈಬ್ರಿಡ್ ಇದ್ದರೆ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಎಲ್ಲಿದೆ ಅಂತ ಮ್ಯಾನ್ಯುವಲ್‌ನಲ್ಲಿ ನೋಡಿಟ್ಕೊಳ್ಳಿ. ಅದರ ಮೇಲೆ ಒದ್ದೆ ರೇನ್‌ಕೋಟು, ಗೊಬ್ಬರದ ಚೀಲ ಒಟ್ಟಬೇಡಿ. ಸರ್ವಿಸ್‌ಗೆ ಬಿಟ್ಟಾಗ ಅದರ ಫಿಲ್ಟರ್ ಕ್ಲೀನ್ ಮಾಡಿಸಿ.