ಓದುಗರ ಪ್ರಶ್ನೆ: ‘ಮಾನ್‌ಸ್ಟರ್’ ಅಷ್ಟು ನಿಧಾನ ಯಾಕೆ?

ಪ್ರಶ್ನೆ: ಇಂಜಿನಿಯರಿಂಗ್ ಓದುವ ಮಗ ‘ಮಾನ್‌ಸ್ಟರ್’ ಅನ್ನೋ ಜಪಾನಿ ಆನಿಮೆ (ಕಾರ್ಟೂನ್ ಧಾರಾವಾಹಿ) ನೋಡಮ್ಮ ಅಂತ ದುಂಬಾಲು ಬಿದ್ದಿದ್ದಾನೆ. 74 ಕಂತು! ಒಂದಷ್ಟು ನೋಡಿದೆ, ಕೊಲೆಗಾರನ ಸುಳಿವೇ ಇಲ್ಲ. ಮೆಗಾ ಸೀರಿಯಲ್ ಥರ ಎಳೆಯುತ್ತಾ? ಇಲ್ಲಾ ಪುಸ್ತಕವನ್ನೇ ಓದಲಾ?
– ಓದುಗರು, ದಾವಣಗೆರೆ

ಉತ್ತರ: ನಾನು ನಿಮ್ಮ ಮಗನ ಪರ. ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್ ಆಗಿ ನಿವೃತ್ತಳಾದ ನಾನು ಮೊದಲ ಕಂತುಗಳಲ್ಲೇ ಸಿಕ್ಕಿಬಿದ್ದೆ. 1986, ಜರ್ಮನಿಯ ಡ್ಯೂಸೆಲ್‌ಡಾರ್ಫ್. ಡಾಕ್ಟರ್ ತೆನ್ಮಾ ಮೆದುಳಿನ ಸರ್ಜನ್. ಮೊದಲು ಬಂದ ಟರ್ಕಿಯ ಕೂಲಿಯವನನ್ನು ಬಿಟ್ಟು ಹೆಸರಾಂತ ಒಪೆರಾ ಗಾಯಕನ ಆಪರೇಷನ್ ಮಾಡು ಅಂತ ಮೇಲಿನಿಂದ ಆದೇಶ. ಕೂಲಿಯವನು ಸಾಯುತ್ತಾನೆ. ನಾನು ಕೆಲಸ ಮಾಡಿದ ಕಡೆಯೂ ಒಂದು ಫೋನ್ ಬಂದರೆ ಓಟಿ ಲಿಸ್ಟ್‌ನಲ್ಲಿ ಹೆಸರುಗಳು ಮೇಲೆ ಕೆಳಗೆ ಆಗುತ್ತಿದ್ದವು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ‘ಎಮರ್ಜೆನ್ಸಿ ಬಂದಿದೆ’ ಅಂತ ಹೇಳುವ ಕೆಲಸ ನಮ್ಮದು.

ಮುಂದಿನ ಸಲ ತೆನ್ಮಾ ಮೇಯರನ್ನು ಬಿಟ್ಟು, ತಲೆಗೆ ಗುಂಡು ಬಿದ್ದ ಹುಡುಗನನ್ನೇ ಉಳಿಸುತ್ತಾನೆ. ಆ ಹುಡುಗ ಜೋಹಾನ್. ಒಂಬತ್ತು ವರ್ಷದ ಮೇಲೆ ಅವನು ಸಾಲುಕೊಲೆಗಾರ ಅಂತ ಗೊತ್ತಾಗುತ್ತದೆ. ಸರಿಯಾದದ್ದನ್ನೇ ಮಾಡಿದವನು ಈಗ ಬಂದೂಕು ಹಿಡಿದು ಊರೂರು ಅಲೆಯಬೇಕು.

ಜೋಹಾನ್ ಎದುರಿಗೆ ಬರುವುದೇ ಅಪರೂಪ. ಅವನ ಬದಲು ದಾರಿಯಲ್ಲಿ ಸಿಗುವ ಜನ ಬರುತ್ತಾರೆ. ತೆನ್ಮಾನಿಗೆ ಗುರಿ ಇಡಲು ಕಲಿಸುವ ಹಳೇ ಬಾಡಿಗೆ ಸೈನಿಕನನ್ನೇ ನೋಡಿ: ಬರ್ಮಾದಲ್ಲಿ ತಾನೇ ಕೊಂದ ಹೆಂಗಸಿನ ಮಗಳನ್ನು ಸಾಕುತ್ತಿದ್ದಾನೆ. ಈ ಕಂತು ಇಲ್ಲದಿದ್ದರೂ ಕಥೆ ನಡೆಯುತ್ತದೆ. ಆದರೆ ಈ ಡಾಕ್ಟರ್ ಕೈಯಲ್ಲಿ ಕೊಲ್ಲಲು ಆಗುತ್ತಾ ಅನ್ನೋ ಅನುಮಾನ ನನಗೆ ಹುಟ್ಟಿದ್ದು ಇಲ್ಲೇ. ಇನ್ನು ಗಾಳಿಯಲ್ಲಿ ಬೆರಳಾಡಿಸಿ ಟೈಪ್ ಮಾಡುತ್ತಾ ಎಲ್ಲವನ್ನೂ ನೆನಪಿಡುವ ಇನ್‌ಸ್ಪೆಕ್ಟರ್ ಲುಂಗೆ! ಜೋಹಾನ್ ಅನ್ನೋನೇ ಇಲ್ಲ, ಎಲ್ಲ ತೆನ್ಮಾನದೇ ಕೆಲಸ ಅಂತ ಅವನ ಹಠ. ಇಂಥ ಮೇಲಧಿಕಾರಿಗಳು ನಮಗೆ ಹೊಸಬರಲ್ಲ, ಅಲ್ವಾ?

ಪ್ರಾಗ್‌ಗೆ ಹೋದ ಮೇಲೆ ಕಥೆ ಗೋಜಲು. ಅಷ್ಟೊಂದು ಗುಟ್ಟು ಬೇಕಿರಲಿಲ್ಲ. ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮೂಲ ಪುಸ್ತಕ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ; ಬರೆದು ಚಿತ್ರಿಸಿದವರು ನವೊಕಿ ಉರಸಾವಾ. 1994ರಿಂದ 2001ರವರೆಗೆ ಪತ್ರಿಕೆಯಲ್ಲಿ ಬಂದು 18 ಸಂಪುಟವಾಯಿತು. ಮ್ಯಾಡ್‌ಹೌಸ್ ಸ್ಟುಡಿಯೋದ ಆನಿಮೆ 2004–05ರದು, ಮೂಲಕ್ಕೆ ತುಂಬಾ ನಿಷ್ಠ. ಶುರು ಮಾಡಿದ್ದೀರಿ, ಅದನ್ನೇ ಮುಗಿಸಿ. ಆಮೇಲೆ ಪುಸ್ತಕ ಸಿಕ್ಕರೆ ಮುಖಗಳಿಗಾಗಿ ತಿರುವಿ ಹಾಕಿ. ಎರಡು ನಿಮಿಷ ಬಂದುಹೋಗುವ ಮುದುಕಿಗೂ ಆತ ಅವಳದೇ ಮುಖ ಕೊಟ್ಟಿದ್ದಾರೆ.

ಪ್ರಶ್ನೆ: ಕಾರ್ಟೂನ್ ತಾನೇ, ಒಂಬತ್ತು ವರ್ಷದ ಮಗನನ್ನೂ ಜೊತೆಗೆ ಕೂರಿಸಿಕೊಳ್ಳಬಹುದಾ?
– ಓದುಗರು, ಕುಮಟಾ

ಉತ್ತರ: ಬೇಡ. ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಹೆದರಿಸುವುದೇ ಒಂದು ಮಕ್ಕಳ ಚಿತ್ರಪುಸ್ತಕ.

ಪ್ರಶ್ನೆ: ಜೋಹಾನ್ ಇದ್ದ ‘511 ಕಿಂಡರ್‌ಹೈಮ್’ ಅನಾಥಾಶ್ರಮ ನಿಜವಾಗಿ ಇತ್ತೇ?
– ಓದುಗರು, ಮೈಸೂರು

ಉತ್ತರ: ಇರಲಿಲ್ಲ. ಪೂರ್ವ ಬರ್ಲಿನ್‌ನಲ್ಲಿ ಮಕ್ಕಳ ನೆನಪು ಅಳಿಸುವ ಆ ಆಶ್ರಮ ಕಟ್ಟುಕಥೆ. ಆದರೆ ಸುಮ್ನೆ ಕಲ್ಪನೆ ಅಂತ ತಳ್ಳಿಹಾಕಬೇಡಿ. ಪೂರ್ವ ಜರ್ಮನಿಯ ಟೋರ್ಗಾವ್ ಊರಿನಲ್ಲಿ 1964ರಿಂದ 1989ರವರೆಗೆ ಹದಿಹರೆಯದವರನ್ನು ‘ತಿದ್ದುವ’ ಒಂದು ಮುಚ್ಚಿದ ಸಂಸ್ಥೆ ಇತ್ತು. ಎತ್ತರದ ಗೋಡೆ, ಒಂಟಿ ಕೋಣೆ, ದಣಿಸುವ ಕಸರತ್ತು. ಕೋರ್ಟಿನ ತೀರ್ಪೇ ಇಲ್ಲದೆ ಅಲ್ಲಿಗೆ ಕಳಿಸುತ್ತಿದ್ದರು. 4,000ಕ್ಕೂ ಹೆಚ್ಚು ಮಕ್ಕಳು ಅದರೊಳಗೆ ಹೋಗಿ ಬಂದರು. ಈಗ ಅಲ್ಲಿ ಸ್ಮಾರಕ ಇದೆ. ಇಷ್ಟು ತಿಳಿದ ಮೇಲೆ ಗ್ರಿಮ್ಮರ್ ಬರುವ ಕಂತುಗಳನ್ನು ಇನ್ನೊಮ್ಮೆ ನೋಡಿ. ಅವನೂ 511ರಲ್ಲಿ ಬೆಳೆದವನು, ನಗುವುದನ್ನು ಪಾಠದ ಹಾಗೆ ಕಲಿತವನು. ಇಡೀ ಕಥೆಯಲ್ಲಿ ನನಗೆ ಜೋಹಾನ್‌ಗಿಂತ ಅವನೇ ಜಾಸ್ತಿ ಕಾಡಿದ್ದು.