ಎಇಎಸ್-128 ಸಾಕೇ, 256 ಬೇಕೇ? ಮೊದಲು ಕೌಂಟರ್ ಎಲ್ಲಿಟ್ಟಿದ್ದೀರಿ ಹೇಳಿ

ಟ್ಯಾಂಕಿನ ಬೋರ್ಡಿನಿಂದ ಪಂಪಿನ ಬೋರ್ಡಿಗೆ ರೇಡಿಯೋದಲ್ಲಿ ಹೋಗುವ ಸಂದೇಶವನ್ನು ಗುಟ್ಟಾಗಿಡಲು ಎಇಎಸ್ ಗೂಢಲಿಪಿಯ 128 ಬಿಟ್ ಕೀಲಿ ಸಾಕೇ, 256 ಹಾಕಬೇಕೇ ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ಒಂದು ವಾರ ಓದಿದವನು. ಆ ವಾರವನ್ನು ಬೇರೆ ಕಡೆ ಹಾಕಿದ್ದರೆ ನನ್ನ ಸೋದರಮಾವನ ಪಂಪು ಉಳಿಯುತ್ತಿತ್ತು.

ಕಾಸರಗೋಡಿನ ಪೆರ್ಲದ ಹತ್ತಿರ ಮಾವನ ಅಡಿಕೆ ತೋಟ. ಗುಡ್ಡದ ಮೇಲೆ ಟ್ಯಾಂಕು, ಕೆಳಗೆ ಗುಡ್ಡ ಕೊರೆದ ಸುರಂಗದ ನೀರು ಬಂದು ಬೀಳುವ ಸಣ್ಣ ಕೆರೆ, ಅದರ ಬದಿಯಲ್ಲಿ ಪಂಪ್ ಶೆಡ್. ಮೇಲೆ ಬ್ಯಾಟರಿಯ ಬೋರ್ಡು, ಕೆಳಗೆ ಕರೆಂಟಿನಲ್ಲಿ ನಡೆಯುವ ಇನ್ನೊಂದು ಬೋರ್ಡು, ಇಎಸ್‌ಪಿ32, ನಡುವೆ ಲೋರಾ, ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ರೇಡಿಯೋ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಪರವಾನಗಿ ಬೇಡವಲ್ಲ, ಅದರಲ್ಲೇ. ಬ್ಯಾಟರಿ ಉಳಿಸಲು ಟ್ಯಾಂಕು ಖಾಲಿಯಾದಾಗ 'ಆನ್', ತುಂಬಿದಾಗ 'ಆಫ್', ಅಷ್ಟೇ ಕಳಿಸುತ್ತಿದ್ದೆ. ಸಂದೇಶಕ್ಕೆ ಎಇಎಸ್ ಹಾಕಿದ್ದೆ. ಪ್ರತಿ ಸಂದೇಶಕ್ಕೂ ಏರುವ ಸಂಖ್ಯೆ, ಅಂದರೆ ಕೌಂಟರ್, ಕೊಟ್ಟಿದ್ದೆ. ಹಿಂದಿನದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಮಾತ್ರ ಪಂಪಿನ ಬೋರ್ಡು ಒಪ್ಪಿಕೊಳ್ಳಬೇಕು; ಹಳೆಯ ಸಂದೇಶವನ್ನು ಹಿಡಿದಿಟ್ಟು ಯಾರಾದರೂ ಮತ್ತೆ ಕಳಿಸಿದರೆ ನಡೆಯಬಾರದು. ಕಾರಿನ ರಿಮೋಟ್ ಕೀಲಿಯಲ್ಲಿ ಪ್ರತಿ ಸಲ ಕೋಡ್ ಬದಲಾಗುವುದೂ ಇದೇ ಕಾರಣಕ್ಕೆ.

ತಪ್ಪು ಎಲ್ಲಿ ಎಂದರೆ, ಕೊನೆಗೆ ಬಂದ ಸಂಖ್ಯೆಯನ್ನು ನಾನು ಕರೆಂಟು ಹೋದರೆ ಅಳಿಸಿಹೋಗುವ ರ್‍ಯಾಮ್‌ನಲ್ಲಿ ಇಟ್ಟಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಯಾವತ್ತೂ ಕಾಣುವುದಿಲ್ಲ. ಪೇಟೆಯ ಅಂಗಡಿಗೆ ಮಾವ ಸಹಿ ಹಾಕಿದ ಚೀಟಿ ಕಳಿಸುತ್ತಾರೆ ಎಂದುಕೊಳ್ಳಿ. ಚೀಟಿಗೆ ನಂಬರಿದೆ, ಅಂಗಡಿಯವರು ಪುಸ್ತಕ ನೋಡಿ ಹಳೆಯ ಚೀಟಿಗೆ ಸಾಮಾನು ಕೊಡುವುದಿಲ್ಲ. ಪುಸ್ತಕ ಕಳೆದುಹೋದರೆ? ಹೋದ ವರ್ಷದ ಚೀಟಿಯೂ ನಡೆಯುತ್ತದೆ. ಸಹಿ ಅಸಲಿ, ಅಕ್ಷರ ಅಸಲಿ. ನಮ್ಮ ಊರಲ್ಲಿ ಗುಡುಗು ಶುರುವಾದರೆ ಒಂದು ಸಂಜೆಗೆ ಹತ್ತು ಸಲ ಕರೆಂಟು ಹೋಗಿ ಬರುತ್ತದೆ. ಪ್ರತಿ ಸಲವೂ ನನ್ನ ಬೋರ್ಡಿನ ಪುಸ್ತಕ ಖಾಲಿ, ಸಂಖ್ಯೆ ಸೊನ್ನೆ. ಸೊನ್ನೆಗಿಂತ ದೊಡ್ಡದು ಯಾವುದು ಬಂದರೂ ಸೈ.

2021ರ ಏಪ್ರಿಲ್‌ನಲ್ಲಿ ನೆರೆಮನೆಯ ಇಂಜಿನಿಯರಿಂಗ್ ಹುಡುಗ ಅಂಥದ್ದೇ ಲೋರಾ ಮಾಡ್ಯೂಲ್ ತಂದು ನಮ್ಮ ಸಂದೇಶಗಳನ್ನು ಹಿಡಿದಿಟ್ಟಿದ್ದ. ಒಳಗೇನಿದೆ ಎಂದು ಅವನಿಗೆ ಓದಲಾಗಲಿಲ್ಲ, ಓದಬೇಕಾಗಿಯೂ ಇರಲಿಲ್ಲ. ಯಾವುದು ಬಂದಮೇಲೆ ಪಂಪಿನ ಸದ್ದು ಕೇಳುತ್ತದೆ ಎಂದು ಗುರುತು ಹಾಕಿಕೊಂಡರೆ ಸಾಕು. ನಾಲ್ಕು ದಿನ ಅದನ್ನೇ ವಾಪಸು ಕಳಿಸಿ ನೋಡಿದ, ಏನೂ ಆಗಲಿಲ್ಲ. ಐದನೇ ದಿನ ಗುಡುಗಿ ಕರೆಂಟು ಹೋಗಿ ಬಂದಮೇಲೆ ರಾತ್ರಿ ಮತ್ತೊಮ್ಮೆ ಕಳಿಸಿ ಮಲಗಿದ. ಪಂಪು ಶುರುವಾಯಿತು. ಟ್ಯಾಂಕು ಆಗಲೇ ತುಂಬಿತ್ತು, ಆದ್ದರಿಂದ ಮೇಲಿನಿಂದ ಹೊಸ 'ಆಫ್' ಬರಲೇ ಇಲ್ಲ. ಕೆರೆಯ ನೀರೆಲ್ಲ ಗುಡ್ಡ ಹತ್ತಿ, ಟ್ಯಾಂಕು ತುಂಬಿ ಹೊರಗೆ ಹರಿಯಿತು. ಆಮೇಲೆ ಬೆಳಗಿನವರೆಗೆ ಪಂಪು ನೀರಿಲ್ಲದೆ ಓಡಿ ವೈಂಡಿಂಗ್ ಸುಟ್ಟುಹೋಯಿತು. ಹುಡುಗ ಮರುದಿನ ತಾನೇ ಬಂದು ಎಲ್ಲ ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. "ಮೋಟರು ಹೋದರೆ ಹೊಸತ್ತು ತಪ್ಪಲಕ್ಕು, ನೀರು ಎಲ್ಲಿಂದ ತಪ್ಪದು?" ಎಂದು ಮಾವ ನಮ್ಮ ಹವ್ಯಕ ಮಾತಿನಲ್ಲಿ ಕೇಳಿದ್ದು (ಮೋಟರು ಹೊಸದು ತರಬಹುದು, ನೀರು ಎಲ್ಲಿಂದ ತರುವುದು) ಈಗಲೂ ಕಿವಿಯಲ್ಲಿದೆ.

ರ್‍ಯಾಮ್‌ನಲ್ಲಿ ಇಟ್ಟದ್ದೇಕೆ? ಪದೇ ಪದೇ ಬರೆದರೆ ಫ್ಲ್ಯಾಶ್, ಅಂದರೆ ಕರೆಂಟು ಹೋದರೂ ಮರೆಯದ ಮೆಮೊರಿ, ಸವೆಯುತ್ತದೆ ಎಂದು ಕೇಳಿದ್ದೆ. ಲೆಕ್ಕ ಹಾಕಲಿಲ್ಲ. ದಿನಕ್ಕೆ 30 ಸಂದೇಶ; ಫ್ಲ್ಯಾಶಿನ ಒಂದೇ ಜಾಗ ಸುಮಾರು 1,00,000 ಸಲ ಅಳಿಸಿ ಬರೆಯುವುದನ್ನು ತಾಳುತ್ತದೆ ಎಂದಿಟ್ಟರೂ ಒಂಬತ್ತು ವರ್ಷ. ಅದೂ ಇಎಸ್‌ಪಿ32ರ ಎನ್‌ವಿಎಸ್ ಎಂಬ ಫ್ಲ್ಯಾಶಿಗೆ ಬರೆಯುವ ವ್ಯವಸ್ಥೆ ಪ್ರತಿ ಸಲ ಅಳಿಸದೆ ಮುಂದಿನ ಜಾಗದಲ್ಲಿ ಬರೆಯುತ್ತ ಹೋಗುತ್ತದೆ, ಇನ್ನೂ ಎಷ್ಟೋ ಹೆಚ್ಚು ಬಾಳುತ್ತದೆ. ಎರಡು ನಿಮಿಷದ ಲೆಕ್ಕ ಅದು.

ಆದ್ದರಿಂದ 128 ಅಥವಾ 256 ಎಂಬ ಪ್ರಶ್ನೆಯನ್ನೇ ಬಿಡಿ. 2001ರಲ್ಲಿ ಮಾನಕವಾದ ಎಇಎಸ್‌ನ 128 ಬಿಟ್ ಕೀಲಿಯನ್ನು ಹುಡುಕಿ ಮುರಿದವರು ಇಲ್ಲ, ನಿಮ್ಮ ತೋಟಕ್ಕಾಗಿ ಯಾರೂ ಆ ಕೆಲಸಕ್ಕೆ ಕೂರುವುದೂ ಇಲ್ಲ. ಎಇಎಸ್ ಬಳಸುವ ವಿಧಾನಗಳಲ್ಲಿ ಬರೀ ಗುಟ್ಟು ಮಾಡುವ ಸಿಟಿಆರ್ ಬೇಡ. ಸಂದೇಶ ತಿದ್ದಿದರೆ ಗೊತ್ತಾಗುವ ಸಿಸಿಎಂ ಹಾಕಿ, ಸಿದ್ಧ ಕೋಡಿನ ಸಂಗ್ರಹವಾದ ಎಂಬೆಡ್ ಟಿಎಲ್ಎಸ್‌ನಲ್ಲಿ ಇದೆ. ಸಂಖ್ಯೆಯೂ ಆ ರಕ್ಷಣೆಯೊಳಗೇ ಬರಲಿ. ಸ್ವೀಕರಿಸುವ ಬೋರ್ಡು ಮೊದಲು ಸಂಖ್ಯೆಯನ್ನು ಫ್ಲ್ಯಾಶಿಗೆ ಬರೆಯಲಿ, ಆಮೇಲೆ ಪಂಪಿನ ಸ್ವಿಚ್ಚಾದ ರಿಲೇ ಎಳೆಯಲಿ.

ಕಳಿಸುವ ಬೋರ್ಡಿನಲ್ಲೂ ಸಂಖ್ಯೆ ಉಳಿಯಬೇಕು. ಬ್ಯಾಟರಿ ಬದಲಿಸಿದಾಗ ಅದು ಸೊನ್ನೆಗೆ ಮರಳಿ, ಅದೇ ಸಂಖ್ಯೆಯೇ ನಾನ್ಸ್ (ಒಂದು ಕೀಲಿಯಲ್ಲಿ ಒಮ್ಮೆ ಮಾತ್ರ ಬಳಸಬೇಕಾದ ಸಂಖ್ಯೆ) ಆಗಿದ್ದರೆ, ಒಂದೇ ಕೀಲಿಯಲ್ಲಿ ಎರಡು ಸಂದೇಶಕ್ಕೆ ಒಂದೇ ನಾನ್ಸ್ ಬೀಳುತ್ತದೆ. ಆಗ ಎರಡನ್ನೂ ಬಿಟ್ಟಿಗೆ ಬಿಟ್ಟು ಹೋಲಿಸಿ (ಎಕ್ಸಾರ್ ಮಾಡಿ) ನೋಡಿದವನಿಗೆ ಒಳಗಿನ ವ್ಯತ್ಯಾಸ ಬಯಲು. ನಾನೀಗ ಅಲ್ಲಿನ ಫ್ಲ್ಯಾಶಿನಲ್ಲಿ ಈಗಿನದಕ್ಕಿಂತ ಸಾವಿರ ಮುಂದಿನ ಸಂಖ್ಯೆಯನ್ನು ಬರೆದಿಡುತ್ತೇನೆ. ಬೋರ್ಡು ಮತ್ತೆ ಶುರುವಾದರೆ ಅಲ್ಲಿಂದ ಎಣಿಕೆ. ಕೆಲವು ಸಂಖ್ಯೆ ವ್ಯರ್ಥವಾಗುತ್ತದೆ, ಆಗಲಿ.

ರೇಡಿಯೋ ಏನೇ ಹೇಳಲಿ, ಕೆರೆಯಲ್ಲಿ ನೀರಿಲ್ಲದಿದ್ದರೆ ಪಂಪು ನಿಲ್ಲುವಂತೆ ಒಂದು ಫ್ಲೋಟ್ ಸ್ವಿಚ್ಚನ್ನು ತಂತಿಯಲ್ಲೇ ಜೋಡಿಸಿ.

ಇವತ್ತೇ ನಿಮ್ಮದೇ ಒಂದು 'ಆನ್' ಸಂದೇಶ ಹಿಡಿದಿಡಿ, ಪಂಪಿನ ಬೋರ್ಡಿನ ಪ್ಲಗ್ ಕಿತ್ತು ಮತ್ತೆ ಚುಚ್ಚಿ, ಅದನ್ನೇ ಮತ್ತೆ ಕಳಿಸಿ. ರಿಲೇ ಟಕ್ ಎಂದರೆ ಸ್ವೀಕರಿಸುವ ಭಾಗದ ಕೋಡನ್ನು ಇಲ್ಲಿ ಹಾಕಿ, ಕೀಲಿ ತೆಗೆದು. ನೋಡಿ ಹೇಳುತ್ತೇನೆ.